ಚಪ್ಪಲಿ ಎಲ್ಲಿ ಬಿಡೋದು

ಹಳೇ ಗುಡಿ ನೋಡೋಕೆ ಹೋದಾಗ ನಮ್ಮೋರಿಗೆ ಮೊದಲು ಬರೋ ಡೌಟು ಯಾವ ರಾಜ ಕಟ್ಟಿಸಿದ್ದು ಅಂತಲ್ಲ, ಚಪ್ಪಲಿ ಎಲ್ಲಿ ಬಿಡೋದು ಅಂತ. ಪಟ್ಟದಕಲ್ಲಿನಲ್ಲಿ ಈ ಡೌಟು ಇನ್ನೂ ಜಾಸ್ತಿ, ಯಾಕಂದ್ರೆ ಟಿಕೆಟ್ ತಗೊಂಡು ಒಳಗೆ ಹೋದ್ರೆ ಹುಲ್ಲಿನ ಮೇಲೆ ಒಂದರ ಪಕ್ಕ ಒಂದು ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಸಂಗಮೇಶ್ವರ ಅಂತ ಗುಡಿಗಳ ಸಾಲೇ ಇದೆ, ಆದ್ರೆ ಅವುಗಳಲ್ಲಿ ಪೂಜೆ ಇಲ್ಲ, ಜನ ಶೂ ಹಾಕ್ಕೊಂಡೇ ಓಡಾಡ್ತಿರ್ತಾರೆ. ಆದ್ರೂ ಹೊಸ್ತಿಲು ಬಂದ ತಕ್ಷಣ ಕಾಲು ತಾನಾಗೇ ನಿಲ್ಲುತ್ತೆ. ಒಬ್ಬ ಅಜ್ಜಿ ಅಲ್ಲಿದ್ದ ವಾಚ್‌ಮನ್‌ನ ಕೇಳ್ತಿದ್ರು, "ಇದ್ರಾಗ ದೇವ್ರು ಅದಾನೇನಪಾ?" ಅವನು "ಇಲ್ಲಬೇ, ಪೂಜಿ ಎಲ್ಲಾ ಅಲ್ಲಿ ವಿರೂಪಾಕ್ಷನ ಗುಡ್ಯಾಗ" ಅಂದ, ಟ್ರಾನ್ಸ್‌ಫರ್ ಆದ ಸಾಹೇಬರ ವಿಷಯ ಹೇಳೋ ಹಾಗೆ. ಅಜ್ಜಿಗೆ ನಂಬಿಕೆ ಬರಲಿಲ್ಲ ಅನ್ಸುತ್ತೆ, ಚಪ್ಪಲಿ ಪಕ್ಕಕ್ಕಿಟ್ಟು ಕೈ ಮುಗಿದೇ ಮುಂದೆ ಹೋದ್ರು. ಕೇಳಿದ್ರೆ ನಾನೂ ಅಜ್ಜಿ ಪಾರ್ಟಿನೇ. ಸೋಮನಾಥಪುರದ ಕೇಶವನ ಗುಡೀಲೂ ಪೂಜೆ ಇಲ್ಲ, ಆದ್ರೂ ಅಲ್ಲಿ ಚಪ್ಪಲಿ ಬಿಡಿಸ್ತಾರಲ್ಲ.

ವಿರೂಪಾಕ್ಷನ ಗುಡೀಲಿ ಮಾತ್ರ ಈಗಲೂ ಪೂಜೆ ನಡೆಯುತ್ತೆ, ಅಲ್ಲಿ ಚಪ್ಪಲಿ ಬಿಡಲೇಬೇಕು. 8ನೇ ಶತಮಾನದಲ್ಲಿ ಚಾಲುಕ್ಯ ರಾಜ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದಿದು. ಅವಳ ತಂಗಿ ತ್ರೈಲೋಕ್ಯಮಹಾದೇವಿನೂ ಅದೇ ರಾಜನ ರಾಣಿ, ಅಕ್ಕನ ಗುಡಿ ಪಕ್ಕದಲ್ಲೇ ಅವಳದ್ದೊಂದು, ಈಗಿನ ಮಲ್ಲಿಕಾರ್ಜುನ. ಮನೇಲಿ ಏನು ಮಾತುಕತೆ ಆಗಿತ್ತೋ, ಲಾಭ ಆಗಿದ್ದು ನಮಗೆ. ಆ ರಾಜನೂ ಒಂಥರಾ ಮನುಷ್ಯ, ಗೆದ್ದ ಊರಿನ ಕೈಲಾಸನಾಥ ಗುಡಿ ಸಂಪತ್ತನ್ನ ದೇವರಿಗೇ ವಾಪಸ್ ಕೊಟ್ಟು, ಕೊಟ್ಟೆ ಅಂತ ಅಲ್ಲೇ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದಿದ್ದಾನೆ.

ಈಗ ಕಷ್ಟ ಶುರು. ಏಪ್ರಿಲ್ ತಿಂಗಳು, ಬಾಗಲಕೋಟೆ ಬಿಸಿಲು, ಕಾಲ ಕೆಳಗೆ ಕಾದ ಕಲ್ಲು. ಹೊರಗೋಡೆ ತುಂಬಾ ಶಿವನ ಎಷ್ಟೊಂದು ರೂಪಗಳಿವೆ, ನಿಂತು ನೋಡೋಕೆ ಆಗೋದೇ ಇಲ್ಲ, ಎಲ್ರೂ ತುದಿಗಾಲಲ್ಲಿ ಹಾ ಹೂ ಅಂತ ಅರ್ಧ ಓಟದ ಪ್ರದಕ್ಷಿಣೆ. ಬೆಳಗ್ಗೆ ಹೋದ್ರೆ ಗುಡಿ ನೆರಳು ಹಿಂದುಗಡೆ ಪಶ್ಚಿಮಕ್ಕೆ ಬೀಳುತ್ತೆ, ಅಲ್ಲಿರೋ ಶಿಲ್ಪಗಳಿಗೆ ಮಾತ್ರ ಪ್ರೇಕ್ಷಕರು, ಮಧ್ಯಾಹ್ನದ ಮೇಲೆ ಪೂರ್ವದವರ ಅದೃಷ್ಟ ಖುಲಾಯಿಸುತ್ತೆ. ಶಿಲ್ಪಿ ಎಷ್ಟು ಚೆನ್ನಾಗಿ ಕೆತ್ತಿದ್ದ ಅನ್ನೋದಕ್ಕಿಂತ ಕಲ್ಲು ಎಷ್ಟು ಕಾದಿದೆ ಅನ್ನೋದೇ ಮುಖ್ಯ ಆಗ್ಬಿಡುತ್ತೆ, ಪಾಪ.

ಒಳಗೆ ಕಾಲಿಟ್ರೆ ತಂಪು. ಜಾಲಂಧ್ರದಿಂದ, ಅಂದ್ರೆ ಕಲ್ಲಿನ ಜಾಲರಿ ಕಿಟಕಿಯಿಂದ, ಬರೋ ಬೆಳಕಲ್ಲಿ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆ ಚಿಕ್ಕಚಿಕ್ಕ ಪಟ್ಟಿಯಲ್ಲಿ, ಎಲ್ರೂ ಇಲ್ಲಿ ಭಯಂಕರ ಕಲಾಪ್ರೇಮಿಗಳು. ಒಬ್ಬೊಬ್ರು ಒಂದೊಂದು ಕಂಬಕ್ಕೆ ಹತ್ತತ್ತು ನಿಮಿಷ ನಿಂತು, ಇದು ಭೀಷ್ಮ ಅಲ್ವಾ, ಅಲ್ಲ ಕಣೋ ಅಂತ ಚರ್ಚೆ ಮಾಡ್ತಾರೆ, ಹೊರಗೆ ಹೋಗೋ ಮನಸ್ಸು ಯಾರಿಗೂ ಇಲ್ಲ. ಎದುರಿಗೆ ಮಂಟಪದಲ್ಲಿ ಕಪ್ಪು ಕಲ್ಲಿನ ನಂದಿ, ಅಲ್ಲಿಗೆ ಹೋಗ್ಬೇಕಂದ್ರೆ ಮತ್ತೆ ಬಿಸಿಲು ದಾಟ್ಬೇಕು, ಹಾಗಾಗಿ ಅರ್ಧ ಜನ ಬಾಗಿಲಿಂದಲೇ ಝೂಮ್ ಮಾಡಿ ಫೋಟೋ ತಗೋತಾರೆ.

ಬೇಸಿಗೇಲಿ ಹೋಗೋರು ಒಂದು ಜೊತೆ ಸಾಕ್ಸ್ ಇಟ್ಕೊಳ್ಳಿ, ದಪ್ಪ ಕಾಟನ್‌ದು. ನೈಲಾನ್ ಬೇಡ, ಕಲ್ಲಿಗಿಂತ ಅದೇ ಜಾಸ್ತಿ ಕಾಯುತ್ತೆ.