ಮಾವನವರ ದಾರಿ ತಕರಾರು

ಇಂಗ್ಲೆಂಡಿನಲ್ಲಿ ಕಾಟ್ಸ್‌ವೋಲ್ಡ್ ವೇ ಅಂತ ಒಂದು ಕಾಲುದಾರಿ ಇದೆ. ಚಿಪ್ಪಿಂಗ್ ಕ್ಯಾಂಪ್ಡನ್ ಊರಿನಲ್ಲಿ 1627ರಲ್ಲಿ ಕಟ್ಟಿದ ಸಂತೆ ಮಂಟಪದ ಹತ್ತಿರ ಶುರುವಾಗಿ, ಬಾತ್ ನಗರದ ದೊಡ್ಡ ಚರ್ಚಿನ ಮುಂದೆ ಮುಗಿಯುತ್ತದೆ. ಒಟ್ಟು 102 ಮೈಲಿ. ಇಲ್ಲಿನವರು ರಜೆ ಹಾಕಿ, ದುಡ್ಡು ಖರ್ಚು ಮಾಡಿ ಇದನ್ನು ನಡೆಯುತ್ತಾರೆ. ಅದರಲ್ಲಿ ಮೊದಲ ಆರು ಮೈಲಿ, ಬ್ರಾಡ್‌ವೇ ಊರಿನ ತನಕ, ನಾವೂ ನಡೆಯೋಣ ಅಂತ ನನ್ನ ಹೆಂಡತಿ ತೀರ್ಮಾನಿಸಿದಳು. ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಮಾವನವರಿಗೆ ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು. ಪಕ್ಕದ ಮನೆಯವರ ಹುಲ್ಲುಹಾಸಿನಲ್ಲಿ ಎಷ್ಟು ಅಡಿಕೆ ಸಸಿ ಹಿಡಿಸಬಹುದು ಅಂತ ಕಿಟಕಿಯಿಂದಲೇ ಲೆಕ್ಕ ಹಾಕತೊಡಗಿದ್ದರು.

ನಾನು ಚಡ್ಡಿ, ಬೂಟು ಹಾಕಿಕೊಂಡು ದೊಡ್ಡದೊಂದು ಬ್ಯಾಗು ಹೊತ್ತು ಹೊರಟೆ. ಮಾವ ಮಂಕಿ ಕ್ಯಾಪು, ಕೊಡೆ, ಎಲೆ ಅಡಿಕೆ ಸಂಚಿ ಹಿಡಿದುಕೊಂಡರು. ಜೊತೆಗೆ ಒಂದು ಪೊಟ್ಟಣ ಉಪ್ಪು.

"ಇಂಬಳಕ್ಕೆ" ಅಂದರು. ಮಲೆನಾಡಿನ ಜಿಗಣೆಗೆ ಅಂತ.

"ಆ ದಾರೀಲಿ ಇಂಬಳ ಇರಲ್ಲ ಮಾವ."

"ಇಷ್ಟು ಮಳೆ ಬಂದೂ ಇಂಬಳ ಇಲ್ಲ ಅಂದ್ರೆ ಮಣ್ಣಲ್ಲೇ ಏನೋ ದೋಷ ಇದೆ ಬಿಡಿ."

ಊರು ದಾಟಿ ಗುಡ್ಡ ಹತ್ತಿದರೆ ಡೋವರ್ಸ್ ಹಿಲ್. ಅಲ್ಲಿ ಬೀಸಿದ ಮೊದಲ ಗಾಳಿಗೇ ಮಾವನ ಕೊಡೆ ಉಲ್ಟಾ ಆಯಿತು. ಆಗುಂಬೆ ಮಳೆ ಎಷ್ಟೇ ಜೋರಿದ್ದರೂ ಮೇಲಿಂದ ಕೆಳಗೆ ಬೀಳುತ್ತೆ, ಈ ಮಳೆಗೆ ಅಷ್ಟೂ ಶಿಸ್ತಿಲ್ಲ ಅಂತ ಗೊಣಗಿದರು. ಅವರ ಮನಸ್ಸು ತಿರುಗಿಸಲು ನಾನು ಆ ಗುಡ್ಡದ ಕಥೆ ಹೇಳಿದೆ. 1612ರ ಸುಮಾರಿಗೆ ಶುರುವಾದ ಆಟೋಟಗಳು ಅಲ್ಲಿ ಈಗಲೂ ನಡೆಯುತ್ತವೆ. ಅದರಲ್ಲೊಂದು ಸ್ಪರ್ಧೆ, ಇಬ್ಬರು ಎದುರುಬದುರು ನಿಂತು ಒಬ್ಬರ ಮೊಣಕಾಲಿನ ಕೆಳಗೆ ಇನ್ನೊಬ್ಬರು ಒದೆಯುವುದು. ಪೆಟ್ಟು ಜಾಸ್ತಿ ಆಗದಿರಲಿ ಅಂತ ಪ್ಯಾಂಟಿನೊಳಗೆ ಒಣಹುಲ್ಲು ತುರುಕಿಕೊಳ್ಳುತ್ತಾರೆ.

"ದನ ತಿನ್ನೋ ಹುಲ್ಲನ್ನಾ?" ಅಂದರು ಮಾವ. ಅವರಿಗೆ ನೋವಾಗಿದ್ದು ಅಷ್ಟಕ್ಕೇ.

ನಿಜವಾದ ರಗಳೆ ಶುರುವಾಗಿದ್ದು ಅದರಾಚೆಯ ಗೋಧಿ ಹೊಲದಲ್ಲಿ. ದಾರಿ ಬದುವಿನ ಮೇಲಲ್ಲ, ಪೈರಿನ ನಟ್ಟನಡುವೆಯೇ ಹೋಗಿತ್ತು. ಮಾವ ನಿಂತುಬಿಟ್ಟರು. ಬೆಳೆದು ನಿಂತ ಪೈರಿನೊಳಗೆ ಕಾಲಿಡಲು ಅವರ ಕಾಲೇ ಒಪ್ಪಲಿಲ್ಲ.

"ಯಜಮಾನ ನೋಡಿದ್ರೆ ಬಡೀತಾನೆ, ಸುಮ್ನೆ ಬನ್ನಿ ವಾಪಸ್" ಅಂದರು. ಇದು ಸಾರ್ವಜನಿಕ ದಾರಿ, ರೈತ ಉತ್ತರೂ ಬಿತ್ತಿದರೂ ಹದಿನಾಲ್ಕು ದಿನದೊಳಗೆ ಮತ್ತೆ ದಾರಿ ಬಿಡಿಸಿಕೊಡಬೇಕು, ಹೊಲದ ಮಧ್ಯೆ ಹೋದರೆ ಕನಿಷ್ಠ ಒಂದು ಮೀಟರ್ ಅಗಲ ಇರಬೇಕು ಅಂತ ಕಾನೂನಿದೆ ಅಂದೆ. ಅವರ ಮುಖ ಕಪ್ಪಿಟ್ಟಿತು. ಅಡಿಕೆ ತೋಟದ ನಡುವೆ ಓಡಾಡುವ ದಾರಿಯ ಬಗ್ಗೆ ಅವರಿಗೂ ಪಕ್ಕದ ತೋಟದವರಿಗೂ ವರ್ಷಗಳಿಂದ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. "ಅಲ್ಲಿ ದಾರಿ ಅಂತ ಒಂದು ಇಲ್ಲವೇ ಇಲ್ಲ" ಅನ್ನುವುದು ಮಾವನ ವಾದ.

"ಎಂಥ ಕಾನೂನು ಮಾರಾಯ್ರೇ ಇದು!" ಅಂದವರು, ಹೆಜ್ಜೆಯಿಟ್ಟು ದಾರಿಯ ಅಗಲ ಅಳೆದರು. ಒಂದು ಮೀಟರಿಗಿಂತ ಜಾಸ್ತಿಯೇ ಇತ್ತು. ರೈತನ ಪರವಾಗಿ ನಿಟ್ಟುಸಿರು ಬಿಟ್ಟು, ಒಂದು ತೆನೆಯೂ ತಾಗದ ಹಾಗೆ ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆಯಿಟ್ಟು ನಡೆದರು. ನನ್ನ ಹೆಂಡತಿ ಹಿಂದಿನಿಂದ ಫೋಟೋ ತೆಗೆಯುತ್ತಿದ್ದಳು.

ಮುಂದಿನ ಹುಲ್ಲುಗಾವಲಿನಲ್ಲಿ ಹಸುಗಳ ನಡುವೆ ಒಂದು ಹೋರಿ. ಅದಕ್ಕೂ ಇಲ್ಲಿ ಕಾನೂನಿದೆ. ಜೆರ್ಸಿ, ಫ್ರೀಷಿಯನ್ ಥರದ ಹಾಲಿನ ತಳಿಯ ಹೋರಿ ಹತ್ತು ತಿಂಗಳು ದಾಟಿದ್ದರೆ ಇಂಥ ದಾರಿ ಇರುವ ಹೊಲದಲ್ಲಿ ಬಿಡುವಂತಿಲ್ಲ. ಬೇರೆ ತಳಿಯದಾದರೆ ಬಿಡಬಹುದು, ಆದರೆ ಜೊತೆಗೆ ಹಸುಗಳಿರಬೇಕು.

"ಅಂದ್ರೆ ಸಂಸಾರಸ್ಥ ಹೋರಿ ಹಾಯಲ್ಲ ಅಂತ ಸರ್ಕಾರದ ನಂಬಿಕೆಯಾ?" ಅಂತ ಮಾವ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಇಡೀ ಸಂಸಾರ ನಮ್ಮ ಹಿಂದೆಯೇ ಬರುತ್ತಿತ್ತು.

ತುದಿಯಲ್ಲಿ ಗೇಟಿತ್ತು. ಅರ್ಧಚಂದ್ರದಂಥ ಬೇಲಿ, ಅದರೊಳಗೆ ಆಚೀಚೆ ಆಡುವ ಬಾಗಿಲು. ಒಬ್ಬೊಬ್ಬರೇ ಒಳಗೆ ಸೇರಿ, ಬಾಗಿಲನ್ನು ತಳ್ಳಿ, ಇನ್ನೊಂದು ಪಕ್ಕದಿಂದ ಹೊರಬೀಳಬೇಕು. ಹೆಂಡತಿ ದಾಟಿದಳು. ಮಾವ ಕೊಡೆ ಸಮೇತ ದಾಟಿದರು. ನಾನು ಬ್ಯಾಗಿನ ಜೊತೆ ಸಿಕ್ಕಿಹಾಕಿಕೊಂಡೆ. ಹಿಂದೆ ಹಸುಗಳ ಬಿಸಿಯುಸಿರು, ಮುಂದೆ ಬೇಲಿ, ಬರಿಗಾಲಿಗೆ ಒತ್ತಿಕೊಂಡ ತುರುಚೆ ಗಿಡ.

"ನಮ್ಮೂರ ತಡಬೆ ದನ ಮಾತ್ರ ತಡೀತದೆ" ಅಂದರು ಮಾವ. "ಇದು ಅಳಿಯಂದ್ರನ್ನೂ ತಡೀತದಲ್ಲ!" ಆಮೇಲೆ ಹಸುಗಳ ಕಡೆ ತಿರುಗಿ ಗಂಟಲಿನಿಂದ "ಹ್ಞಾ... ಹೋಯ್!" ಅಂದರು. ಕನ್ನಡ ಬಾರದ ಹಸುಗಳು ತಟ್ಟನೆ ನಿಂತವು. ಇಷ್ಟು ವರ್ಷ ಇಲ್ಲಿದ್ದೂ ನನ್ನ ಇಂಗ್ಲಿಷನ್ನು ಇಷ್ಟು ಬೇಗ ಯಾರೂ ಅರ್ಥ ಮಾಡಿಕೊಂಡಿಲ್ಲ. ಬೊಬ್ಬೆ ಎದ್ದ ನನ್ನ ಕಾಲಿಗೆ ಮಾವ ಸಂಚಿಯಿಂದ ಸುಣ್ಣ ತೆಗೆದು ಬಳಿದರು. ಅಲ್ಲಿಂದಾಚೆ ಎದುರು ಸಿಕ್ಕವರೆಲ್ಲ ಗುಡ್ ಮಾರ್ನಿಂಗ್ ಹೇಳಿದ್ದು ನನ್ನ ಕಾಲಿಗೆ.

ಬ್ರಾಡ್‌ವೇ ಟವರ್ 1790ರ ದಶಕದ ಕೊನೆಯಲ್ಲಿ, ಗುಡ್ಡದ ಮೇಲೆ ಚಂದಕ್ಕಿರಲಿ ಅಂತ ಕಟ್ಟಿದ್ದು. ಅದರ ಕೆಳಗೆ ಕೂತು ಅಕ್ಕಿ ರೊಟ್ಟಿ ಡಬ್ಬಿ ತೆಗೆದೆವು. ಎಲ್ಲಿಂದಲೋ ಬಂದ ನಾಯಿಯೊಂದು ರೊಟ್ಟಿಯನ್ನು ಖಾರದ ಚಟ್ನಿ ಸಮೇತ ನುಂಗಿತು. ಅದರ ಒಡತಿ ನಮಗೆ ಹತ್ತು ಸಲ ಸಾರಿ ಹೇಳಿದಳು. ನಾಯಿ ನೀರು ಹುಡುಕಿಕೊಂಡು ಓಡಿತು.

ಬ್ರಾಡ್‌ವೇಗೆ ಇಳಿದು ಟೀ ಕುಡಿಯುವಾಗ ಮಾವನ ಫೋನು ರಿಂಗಾಯಿತು. ಪಕ್ಕದ ತೋಟದವರು. ಕೈಗೆ ಜ್ಯಾಮ್ ಮೆತ್ತಿದ್ದರಿಂದ ಮಾವ ಸ್ಪೀಕರ್ ಹಾಕಿದರು.

"ಏನ್ ಮಾರಾಯ್ರೇ, ಯಾರದ್ದೋ ಗದ್ದೆ ನಡುವೆ ಆರಾಮಾಗಿ ಓಡಾಡ್ತಿದ್ದೀರಂತೆ? ಮಗಳು ಸ್ಟೇಟಸ್ ಹಾಕಿದ್ದಾಳೆ, ನೋಡ್ದೆ. ಒಂದು ಮೀಟರ್ ದಾರಿ ಬಿಡಲೇಬೇಕಂತಲ್ಲ ಅಲ್ಲಿ! ಫೋಟೋನ ಲಾಯರಿಗೆ ಕಳಿಸಿದ್ದೀನಿ."

ಮಾವ ಒಮ್ಮೆ ಮಗಳನ್ನು ನೋಡಿದರು. ಆಮೇಲೆ ಫೋನನ್ನು ಮುಖದಿಂದ ದೂರ ಹಿಡಿದು, "ಹಲೋ... ಹಲೋ... ಕೇಳ್ತಿಲ್ಲ, ಇಲ್ಲಿ ಗಾಳಿ ಜಾಸ್ತಿ" ಅಂದರು.