ಮುಳುಗಲೊಲ್ಲದ ಹಡಗು

ಹಳೆಯ ಹಾಯಿಹಡಗುಗಳ ಕಡೆಗಾಲದ ಕಥೆಗಳಲ್ಲಿ ನನಗೆ ಅಳುವೂ ನಗುವೂ ಒಟ್ಟಿಗೆ ಬರಿಸುವುದು ‘ಇಂಪ್ಲೇಕಬಲ್’ ಹಡಗಿನ ಕಥೆ. ಫ್ರಾನ್ಸಿನ ರೋಶ್‌ಫೋರ್‌ನಲ್ಲಿ 1800ರಲ್ಲಿ ನೀರಿಗಿಳಿದ, 74 ಫಿರಂಗಿಗಳ ಈ ಯುದ್ಧನೌಕೆ ಬ್ರಿಟಿಷರು ಫ್ರೆಂಚರನ್ನು ಸೋಲಿಸಿದ 1805ರ ಟ್ರಫಾಲ್ಗರ್ ಕಡಲಕಾಳಗದಿಂದ ಹೇಗೋ ತಪ್ಪಿಸಿಕೊಂಡು, ಎರಡೇ ವಾರಗಳಲ್ಲಿ ಬ್ರಿಟಿಷರ ಕೈಗೆ ಸಿಕ್ಕಿಬಿದ್ದಿತು. ಅವರು ಹೆಸರು ಬದಲಿಸಿ ತಮ್ಮ ನೌಕಾಪಡೆಗೆ ಸೇರಿಸಿಕೊಂಡರು. ಮುಪ್ಪಿನಲ್ಲಿ ಅದು ಹುಡುಗರಿಗೆ ನಾವಿಕವಿದ್ಯೆ ಕಲಿಸುವ ಶಾಲೆಯಾಯಿತು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದರ ಮರ ಲಡ್ಡಾಗಿತ್ತು, ಬ್ರಿಟನ್ನಿನ ಖಜಾನೆ ಬರಿದಾಗಿತ್ತು. ಬೇಕಾದರೆ ನೀವೇ ಇಟ್ಟುಕೊಳ್ಳಿ ಎಂದು ಬ್ರಿಟಿಷರು ಫ್ರೆಂಚರನ್ನು ಕೇಳಿದರು. ಖರ್ಚಿನ ಲೆಕ್ಕ ನೋಡಿ ಅವರೂ ಒಲ್ಲೆವೆಂದರು. ಪೋರ್ಟ್ಸ್‌ಮತ್ ಬಂದರಿನಲ್ಲಿ ಅದರ ಜೊತೆಗಾರನಾಗಿದ್ದ ‘ಟ್ರಿಂಕೊಮಾಲೀ’ ಮಾತ್ರ ಬದುಕಿಕೊಂಡಿತು. ಮುಂಬಯಿಯ ವಾಡಿಯಾಗಳು 1817ರಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಇದೆಲ್ಲ ನಮ್ಮ ತೇಗದ ಮಹಿಮೆಯೆಂದು ಬೀಗಲು ಆಸೆಯಾಗುತ್ತದೆ. ಆದರೆ ಅದು ಗಾತ್ರದಲ್ಲಿ ಚಿಕ್ಕದು, ಚಿಕ್ಕದನ್ನು ಸಾಕುವುದು ಸುಲಭ ಎಂಬುದನ್ನೂ ಒಪ್ಪಿಕೊಳ್ಳಬೇಕು.

1949ರ ಡಿಸೆಂಬರ್ 2ರಂದು, ಜನರ ಪ್ರತಿಭಟನೆಯನ್ನು ಲೆಕ್ಕಿಸದೆ, ಇಂಪ್ಲೇಕಬಲ್ ಅನ್ನು ಮುಳುಗಿಸಲೆಂದು ಇಂಗ್ಲಿಷ್ ಕಾಲುವೆಗೆ ಎಳೆದೊಯ್ದರು. ಮರ್ಯಾದೆಗೇನೂ ಕೊರತೆಯಾಗಲಿಲ್ಲ: ಹಡಗಿನ ಮೇಲೆ ಬ್ರಿಟನ್ನಿನ ಧ್ವಜವೂ ಫ್ರಾನ್ಸಿನ ಧ್ವಜವೂ ಅಕ್ಕಪಕ್ಕದಲ್ಲಿ ಹಾರುತ್ತಿದ್ದವು. ಬದುಕಿದ್ದಾಗ ಔಷಧಿಗೆ ಕಾಸಿಲ್ಲವೆಂದವರು ತಿಥಿಯ ದಿನ ಊರಿಗೆಲ್ಲ ಹೋಳಿಗೆ ಬಡಿಸುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದವರು ಈ ಎರಡು ಬಾವುಟಗಳನ್ನು ನೆನೆಯಬೇಕು. ಒಳಗೆ ಇಟ್ಟಿದ್ದ ಮದ್ದು ಸಿಡಿದ ಮೇಲೂ ಮುದಿ ಹಡಗು ಒಮ್ಮೆಲೇ ಮುಳುಗಲಿಲ್ಲ. ಒಂದೂವರೆ ಶತಮಾನ ತೇಲುವುದನ್ನೇ ಕಸುಬಾಗಿಸಿಕೊಂಡಿದ್ದ ಮರಕ್ಕೆ ಒಂದು ಸ್ಫೋಟದ ಅಪ್ಪಣೆ ಸಾಲಲಿಲ್ಲವೆಂದು ತೋರುತ್ತದೆ. ಧ್ವಜವಂದನೆಗೆ ಸಿದ್ಧರಾಗಿ ನಿಂತಿದ್ದ ಅಧಿಕಾರಿಗಳಿಗೆ ಆ ಹೊತ್ತು ಎಷ್ಟು ಮುಜುಗರವಾಗಿರಬೇಕೆಂದು ಊಹಿಸಿ ನಾನು ಒಳಗೊಳಗೇ ಖುಷಿಪಡುತ್ತೇನೆ.

ಮುಳುಗಿಸುವ ಮೊದಲು ಮೂತಿಯ ಮೇಲಿದ್ದ, ಹಾವುಗಳೇ ಕೂದಲಾದ ಮೆಡೂಸಾಳ ತಲೆಯನ್ನೂ ಸಾಲು ಕಿಟಕಿಗಳಿದ್ದ ಹಿಂಭಾಗವನ್ನೂ ಬಿಚ್ಚಿಟ್ಟುಕೊಂಡಿದ್ದರು. ಅವು ಈಗ ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿವೆ. ಲಂಗರೆತ್ತುವ ರಾಟೆ ರೋಶ್‌ಫೋರ್‌ನಲ್ಲಿದೆ. ಇಡೀ ಹಡಗನ್ನು ಒಲ್ಲೆವೆಂದ ಎರಡೂ ದೇಶಗಳು ತಮ್ಮ ಪಾಲಿನ ತುಂಡುಗಳನ್ನು ಬಹಳ ಜೋಪಾನವಾಗಿ ಕಾಪಾಡುತ್ತಿವೆ.