ಈಡು ಹೊಡೆಯದೆ ಬಂದವರನ್ನು ಆಡಿಕೊಳ್ಳಬೇಡಿ

ಜಿಂಕೆ ಬೇಟೆಗೆ ಒಬ್ಬರೇ ಹೋಗಬಾರದು, ನಾಲ್ಕು ಜನ ಸೇರಿ ಹೋದರೆ ಕ್ಷೇಮ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಇದು ಅರ್ಧ ನಿಜ. ಕಾಲು ಉಳುಕಿದರೆ ಹೊತ್ತು ತರಲು ಜನ ಇರುತ್ತಾರೆ, ಸರಿ. ಆದರೆ ಅಣ್ಣ, ಭಾವ, ಗೆಳೆಯರು ಎಲ್ಲ ಸೇರಿದ ಕಡೆ ಮರ್ಯಾದೆ ಪ್ರಶ್ನೆಯೂ ಬಂದು ಕೂರುತ್ತದೆ. ಬೆಳಗಿನಿಂದ ಮರಸು ಕೂತು, ಅಂದರೆ ಅಡಗಿ ಕಾದು, ಬರಿಗೈಲಿ ವಾಪಸಾದವನನ್ನು ರಾತ್ರಿ ಊಟಕ್ಕೆ ಕೂತಾಗ ಎಲ್ಲರೂ ಗೇಲಿ ಮಾಡುತ್ತಾರಲ್ಲ, ಮರುದಿನ ಅವನು ಹೊಡೆಯಬಾರದ ಈಡು, ಅಂದರೆ ಗುಂಡು, ಹೊಡೆಯುವುದು ಅದರಿಂದಲೇ.

ಮೊದಲೇ ಹೇಳಿಬಿಡುತ್ತೇನೆ, ಲೈಸೆನ್ಸ್ ಪಡೆದು ಸೀಸನ್‌ನಲ್ಲಿ ಬೇಟೆಯಾಡಲು ಕಾನೂನು ಒಪ್ಪುವ ದೇಶಗಳ ಮಾತು ಇದು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಹೊಡೆಯುವುದು ಅಪರಾಧ. ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಹೊಡೆಯಬಾರದ ಈಡು ಅಂದರೆ ಯಾವುದು? ಮೊದಲು ಹೊಡೆಯಬಹುದಾದದ್ದನ್ನು ಹೇಳುತ್ತೇನೆ. ಜಿಂಕೆ ನಮಗೆ ಪಕ್ಕೆ ಕಾಣುವ ಹಾಗೆ ಅಡ್ಡಕ್ಕೆ ನಿಂತಿರಬೇಕು. ಮುಂಗಾಲಿನ ಹಿಂದೆ, ಎದೆಗೂಡಿನಲ್ಲಿ ಹೃದಯ ಮತ್ತು ಶ್ವಾಸಕೋಶ ಇರುವ ಜಾಗಕ್ಕೆ ಗುಂಡು ಹೋಗಬೇಕು. ಅದರ ಬೆನ್ನಿಗೆ ಮಣ್ಣಿನ ದಿಬ್ಬ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಗುಂಡು ಜಿಂಕೆಯನ್ನು ದಾಟಿಯೂ ಹೋಗಬಹುದು. ಓಡುತ್ತಿದೆ, ಪೊದೆ ಅಡ್ಡ ಇದೆ, ಕತ್ತಲಾಗುತ್ತಿದೆ, ದಿಬ್ಬದ ನೆತ್ತಿಯ ಮೇಲೆ ನಿಂತಿದೆ, ಆಚೆ ಏನಿದೆ ಗೊತ್ತಿಲ್ಲ. ಇವೆಲ್ಲ ಸುಮ್ನೆ ಬಿಟ್ಟುಬಿಡಬೇಕಾದ ಈಡುಗಳು. ಒಬ್ಬನೇ ಇದ್ದಾಗ ಬಿಡುವುದು ಸುಲಭ. ಹಿಂದೆ ಭಾವ ಕೂತು ನೋಡುತ್ತಿದ್ದರೆ ಕಷ್ಟ.

ಹೋದ ಸೀಸನ್‌ನಲ್ಲಿ ಗೆಳೆಯನ ಅಣ್ಣನ ಮಗಳು ನಮ್ಮ ಜೊತೆ ಬಂದಿದ್ದಳು. ಒಳ್ಳೆ ಕೊಂಬಿನ ಗಂಡು ಜಿಂಕೆ, ಹತ್ತಿರದಲ್ಲೇ. ಅವಳು ಬಂದೂಕು ಎತ್ತಿ, ನೋಡಿ, ಇಳಿಸಿದಳು.

"ಯಾಕಮ್ಮಾ, ಹೊಡೀಲಿಲ್ಲ?" ಅಂತ ಅವಳ ಚಿಕ್ಕಪ್ಪ ಕೇಳಿದ.

"ಹಿಂದೆ ಏನಿದೆ ಅಂತ ಕಾಣ್ತಿರಲಿಲ್ಲ, ಚಿಕ್ಕಪ್ಪ."

ಅಷ್ಟೇ ಮಾತು. ಆದರೂ ನಮ್ಮಲ್ಲೊಬ್ಬರು ಸಂಜೆಯವರೆಗೂ ಅವಳ ಕಾಲೆಳೆದರು. ನನಗೆ ಸಿಟ್ಟು ಬಂತು. ಆ ದಿನ ಸರಿಯಾಗಿ ಬೇಟೆ ಆಡಿದವಳು ಅವಳೊಬ್ಬಳೇ.

ಈಡಾದ ಮೇಲೆ ಗುಂಪು ಮಾಡುವ ಅನಾಹುತ ಇನ್ನೂ ಜಾಸ್ತಿ. ಗುಂಡಿನ ಸದ್ದು ಕೇಳಿದ್ದೇ ತಡ, ಎಲ್ಲರೂ ಎದ್ದು ಓಡುತ್ತಾರೆ. ಓಡಬಾರದು. ಎದೆಗೆ ಏಟು ಬಿದ್ದ ಜಿಂಕೆಯೂ ಸ್ವಲ್ಪ ದೂರ ಓಡಿಯೇ ಬೀಳುವುದು. ಅದು ಕಣ್ಣೆದುರೇ ಬೀಳದಿದ್ದರೆ ಕನಿಷ್ಠ ಅರ್ಧ ಗಂಟೆ ಕೂತಲ್ಲೇ ಕೂರಬೇಕು. ಆಮೇಲೆ ಒಬ್ಬರು ಹೋಗಿ ರಕ್ತ ನೋಡಬೇಕು. ತಿಳಿಗೆಂಪು, ನೊರೆನೊರೆ ಇದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಜಿಂಕೆ ಹತ್ತಿರದಲ್ಲೇ ಇರುತ್ತದೆ. ಕಪ್ಪುಗೆಂಪು ಆದರೆ ಪಿತ್ತಜನಕಾಂಗ ಇರಬಹುದು, ಇನ್ನಷ್ಟು ಹೊತ್ತು ಕಾಯಬೇಕು. ಹಸಿರು ಬೆರೆತು ವಾಸನೆ ಹೊಡೆಯುತ್ತಿದ್ದರೆ ಹೊಟ್ಟೆಗೆ ಬಿದ್ದಿದೆ. ಆಗ ಗಂಟೆಗಟ್ಟಲೆ ಕಾಯಬೇಕು. ಅವಸರಪಟ್ಟು ಅಟ್ಟಿಸಿಕೊಂಡು ಹೋದರೆ ನೋವಿನಲ್ಲೇ ಎದ್ದು ಮೈಲಿಗಟ್ಟಲೆ ಹೋಗಿ ಎಲ್ಲೋ ಸಾಯುತ್ತದೆ, ಯಾರಿಗೂ ಸಿಗುವುದಿಲ್ಲ. ಐದಾರು ಜನ ರಕ್ತದ ಜಾಡು ತುಳಿದು ಹಾಕಿದರಂತೂ ಮುಗಿಯಿತು. ಒಬ್ಬರು ಕೊನೆಯ ಹನಿ ಕಂಡ ಜಾಗದಲ್ಲಿ ನಿಲ್ಲಬೇಕು, ಇನ್ನೊಬ್ಬರು ಮುಂದಿನ ಹನಿ ಹುಡುಕಬೇಕು. ಉಳಿದವರು ಹಿಂದೆ. ಬೇಟೆಯಲ್ಲಿ ಜೊತೆಗಾರರು ನಿಜವಾಗಿ ಬೇಕಾಗುವುದು ಇಲ್ಲಿ.

ಹಳು, ಅಂದರೆ ದಟ್ಟ ಪೊದೆ, ನುಗ್ಗಿ ಜಿಂಕೆ ಎಬ್ಬಿಸುವ ಬೇಟೆಯಲ್ಲಿ ಹುಷಾರು ಇನ್ನೂ ಬೇಕು. ಹಳುವಿನ ಒಳಗಿಂದ ಬರುತ್ತಿರುವವರು ನಮ್ಮವರೇ. ಯಾರು ಯಾವ ದಿಕ್ಕಿಗೆ ಮಾತ್ರ ಹೊಡೆಯಬಹುದು ಅಂತ ಮೊದಲೇ ಗೊತ್ತುಮಾಡಿಕೊಳ್ಳದೆ ಒಳಗೆ ಹೋಗಲೇಬಾರದು. ಕಿತ್ತಳೆ ಜಾಕೆಟ್ ಹಾಕಿದರೆ ಜಿಂಕೆಗೆ ಗೊತ್ತಾಗುತ್ತದೆ ಅಂತ ಕೆಲವರು ತೆಗೆದಿಡುತ್ತಾರೆ. ಸುಳ್ಳು. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಸರಿಯಾಗಿ ಕಾಣುವುದಿಲ್ಲ. ಚೆನ್ನಾಗಿ ಕಾಣುವುದು ನೀಲಿ. ಆ ಜೀನ್ಸ್ ಪ್ಯಾಂಟ್ ಮಾತ್ರ ಯಾರೂ ಬಿಡುವುದಿಲ್ಲ! ಬಾಟಲಿ ಬಗ್ಗೆ ಒಂದೇ ಮಾತು, ಬಂದೂಕು ಖಾಲಿ ಮಾಡಿ ಬೀಗ ಹಾಕಿದ ಮೇಲೆ ತೆಗೆಯಿರಿ.

ಮನೆಯವರಿಗೆ ಮಾಂಸ ಹಂಚುವಾಗಲೂ ಹುಷಾರಾಗಿರಬೇಕು. ಜಿಂಕೆಗಳಿಗೆ ಸೊರಗಿ ಸಾಯುವ ಒಂದು ರೋಗ ಬರುತ್ತದೆ. 1967ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೊದಲು ಕಂಡದ್ದು. ಕಾರಣ ಪ್ರಿಯಾನ್ ಅನ್ನುವ ಪ್ರೋಟೀನ್, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮನುಷ್ಯರಿಗೆ ಅಂಟಿದ್ದು ಸಾಬೀತಾಗಿಲ್ಲ. ಆದರೂ ಆ ರೋಗ ಇರುವ ಪ್ರದೇಶದಲ್ಲಿ ಪರೀಕ್ಷೆ ಮಾಡಿಸದೆ ತಿನ್ನಬೇಡಿ, ರೋಗ ಇದೆ ಅಂತ ಬಂದರೆ ಪೂರ್ತಿ ಬಿಟ್ಟುಬಿಡಿ. ಸೀಸದ ಗುಂಡು ಒಳಗೆ ಚೂರುಚೂರಾಗಿ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಮಕ್ಕಳು, ಬಸುರಿಯರು ತಿನ್ನುವ ಮನೆಯಲ್ಲಿ ತಾಮ್ರದ ಗುಂಡು ಬಳಸುವುದು ವಾಸಿ.

ನಮ್ಮ ಗುಂಪಿನಲ್ಲಿ ಈಗ ಎಲ್ಲರಿಗೂ ಸಮ ಪಾಲು. ಹೊಡೆದವರಿಗೆ ಜಾಸ್ತಿ ಇಲ್ಲ, ಹೊಡೆಯದೆ ಕೂತವರಿಗೆ ಕಡಿಮೆ ಇಲ್ಲ. ಒಬ್ಬಿಬ್ಬರಿಗೆ ಇದು ಇನ್ನೂ ಸರಿಬಂದಿಲ್ಲ. ಅವರು ಬೇರೆ ಗುಂಪು ನೋಡಿಕೊಳ್ಳಲಿ, ನನ್ನ ಅಭ್ಯಂತರ ಏನೂ ಇಲ್ಲ.